ಹಳೇ ಮರ್ಸಿಡಿಸ್‌ಗೆ ಯುರೋಪ್ ಬಂಪರ್ ಹಾಕಿಸುವವರೇ, ಗ್ಯಾಸ್ ಕಟಿಂಗ್‌ಗೆ ಒಪ್ಪಬೇಡಿ

ಮುಂಬೈಯಲ್ಲಿ ಹಳೇ ಸ್ಪೋರ್ಟ್ಸ್ ಕಾರು ಸಾಕಿಕೊಂಡಿರುವ ಕನ್ನಡದವರು ಬಹಳ ಇಲ್ಲ. ಇರುವವರು ಹೆಚ್ಚು ಕಡಿಮೆ ಅದೇ ಕೆಲವು ಗ್ಯಾರೇಜುಗಳಿಗೆ ಹೋಗುವವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಗಾಡಿ ಅಮೆರಿಕದಿಂದ ಬಂದದ್ದಾಗಿದ್ದು, ಹಿಂಭಾಗದ ದಪ್ಪ ಬಂಪರ್ ತೆಗೆಸಿ ಯುರೋಪ್ ಮಾದರಿಯ ತೆಳ್ಳನೆಯದನ್ನು ಹಾಕಿಸುವ ಯೋಚನೆ ಇದ್ದರೆ, ಮೊದಲು ಇಷ್ಟು ತಿಳಿದುಕೊಳ್ಳಿ: ಆ ಬಂಪರಿನ ಹಿಂದೆ ಎಣ್ಣೆ ತುಂಬಿದ ಎರಡು ಸಿಲಿಂಡರ್ ಇರುತ್ತವೆ. ಅವುಗಳ ಹತ್ತಿರ ಬೆಂಕಿ ತರಲು ಯಾರಿಗೂ ಬಿಡಬೇಡಿ. ನನ್ನ ಗಾಡಿಯ ಕೆಲಸದಲ್ಲಿ ಒಬ್ಬ ಹುಡುಗನ ಕೈ ಸುಟ್ಟಿದೆ.

ಗಾಡಿ 1975ರ ಮರ್ಸಿಡಿಸ್ 450 ಎಸ್‌ಎಲ್. ಆರ್ 107 ಅಂತಾರಲ್ಲ, ಅದು. 1971ರಿಂದ 1989ರವರೆಗೆ ತಯಾರಾದ, ಮೇಲಿನ ಹೊದಿಕೆ ತೆಗೆಯಬಹುದಾದ ಎರಡು ಬಾಗಿಲಿನ ಕಾರು. ಮರ್ಸಿಡಿಸ್‌ನ ವಿನ್ಯಾಸಕ ಫ್ರೀಡ್ರಿಖ್ ಗೈಗರ್ ಕಾಲದ ವಿನ್ಯಾಸ. ಯುರೋಪಿನಲ್ಲಿ ಮಾರಿದ ಗಾಡಿಗೆ ಮೈಗೆ ಅಂಟಿದ ಹಾಗೆ ತೆಳ್ಳನೆಯ ಕ್ರೋಮ್ ಬಂಪರ್. ಅಮೆರಿಕಕ್ಕೆ ಹೋದದ್ದಕ್ಕೆ ಮುಂದೂ ಹಿಂದೂ ಚಾಚಿಕೊಂಡ ದಪ್ಪ ಬಂಪರ್. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆದರೆ ಒಟ್ಟು ಉದ್ದದಲ್ಲಿ 20 ಸೆಂಟಿಮೀಟರಿಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಅಷ್ಟು ಚೆಂದದ ಗಾಡಿಗೆ ಆ ದಪ್ಪ ಪಟ್ಟಿ ಒಪ್ಪುವುದೇ ಇಲ್ಲ. ಇದು ನನ್ನ ಈಗಿನ ಅಭಿಪ್ರಾಯವೂ ಹೌದು. ಬದಲಾಯಿಸುವ ಆಸೆ ತಪ್ಪಲ್ಲ, ಬದಲಾಯಿಸುವ ರೀತಿಯಲ್ಲಿ ಜೋಪಾನ ಬೇಕು.

ಅಮೆರಿಕದವರು ದಪ್ಪ ಬಂಪರ್ ಹಾಕಿಸಿದ್ದು ಅಂದಕ್ಕಲ್ಲ. 1973ರ ಮಾದರಿಗಳಿಂದ ಅಲ್ಲಿ ಒಂದು ನಿಯಮ ಬಂತು. ಮುಂದಿನಿಂದ ಗಂಟೆಗೆ 5 ಮೈಲಿ, ಅಂದರೆ 8 ಕಿಲೋಮೀಟರ್ ವೇಗದಲ್ಲಿ ಗುದ್ದಿದರೂ ದೀಪ, ಪೆಟ್ರೋಲ್ ವ್ಯವಸ್ಥೆ ಇಂಥವಕ್ಕೆ ಏಟು ಬೀಳಬಾರದು ಅಂತ. ಹಿಂದಿನ ಬಂಪರಿಗೆ ಮೊದಲ ವರ್ಷ ಎರಡೂವರೆ ಮೈಲಿ ಇತ್ತು, 1974ರ ಮಾದರಿಗಳಿಂದ ಅದಕ್ಕೂ 5 ಮೈಲಿ ಆಯಿತು. ಏಟನ್ನು ನುಂಗಿಕೊಳ್ಳಲು ಬಂಪರಿನ ಹಿಂದೆ ಶಾಕ್ ಅಬ್ಸಾರ್ಬರ್, ಅಂದರೆ ಆಗಲೇ ಹೇಳಿದ ಸಿಲಿಂಡರ್, ಕೂರಿಸಿದರು. ಒಳಗೆ ಎಣ್ಣೆ, ಕೆಲವು ಗಾಡಿಗಳಲ್ಲಿ ಒತ್ತಡದಲ್ಲಿ ತುಂಬಿದ ಗ್ಯಾಸ್ ಕೂಡ. ಸುತ್ತ ಸೀಲ್ ಮಾಡಿದ ಡಬ್ಬಿ. ಕಾದರೆ ಒಳಗಿನದಕ್ಕೆ ಹೋಗಲು ಜಾಗವಿಲ್ಲ. ಅಪಘಾತದ ಗಾಡಿಗೆ ಬೆಂಕಿ ಬಿದ್ದಾಗ ಬಂಪರಿನ ಎದುರು ನಿಲ್ಲಬೇಡಿ ಅಂತ ಅಗ್ನಿಶಾಮಕದವರಿಗೆ ಹೇಳಿಕೊಡುವುದು ಇದೇ ಕಾರಣಕ್ಕೆ.

ಇನ್ನು ನಮ್ಮ ಊರಿನ ಗಾಳಿ. ಆ ಬಂಪರ್ ಅಲ್ಯೂಮಿನಿಯಂ, ಬೋಲ್ಟು ಕಬ್ಬಿಣದ್ದು. ಸಮುದ್ರದ ಉಪ್ಪುಗಾಳಿಯಲ್ಲಿ ಎರಡು ಲೋಹ ತಾಗಿಕೊಂಡಿದ್ದರೆ ಬಿಳಿ ಪುಡಿ ಕಟ್ಟಿ ಬೋಲ್ಟ್ ಬಿಗಿದುಬಿಡುತ್ತದೆ. ಹತ್ತಾರು ಮಳೆಗಾಲ ಕಂಡ ಗಾಡಿಯಲ್ಲಿ ಪಾನಾ (ಸ್ಪ್ಯಾನರ್) ಹಾಕಿ ತಿರುಗಿಸಿದರೆ ಬೋಲ್ಟಿನ ತಲೆ ಸವೆಯುತ್ತದೆಯೇ ಹೊರತು ಬೋಲ್ಟ್ ಜಗ್ಗುವುದಿಲ್ಲ. ನನ್ನ ಗಾಡಿಯಲ್ಲಿ ಆದದ್ದೂ ಅದೇ.

ಕುರ್ಲಾ ಕಡೆಯ ಗ್ಯಾರೇಜು. ಹೆಸರು ಬರೆಯುವುದಿಲ್ಲ. ಬಲಗಡೆಯ ಬೋಲ್ಟ್ ಬರಲಿಲ್ಲ ಅಂದಕೂಡಲೇ ಮಿಸ್ತ್ರಿ ಗ್ಯಾಸ್ ಟಾರ್ಚ್ ತರಲು ಹೇಳಿದ. ಅಲ್ಲಿ ಡೆಂಟಿಂಗ್ ಮಾಡುವವನು ಕಲಬುರಗಿ ಕಡೆಯವನು. ನಾನು ಕನ್ನಡದವನು ಅಂತ ಗೊತ್ತಾದಾಗಿನಿಂದ ನನ್ನ ಗಾಡಿಯ ಮೇಲೆ ಅವನಿಗೊಂದು ಕಣ್ಣು. ಪಕ್ಕಕ್ಕೆ ಕರೆದು, "ಅಣ್ಣಾರ, ಇದರಾಗ ಎಣ್ಣಿ ಅದ. ಕಾಸಿದ್ರ ಹಾರ್ತದ ನೋಡ್ರಿ" ಎಂದ. ನಾನು ಮಿಸ್ತ್ರಿಗೆ ಗ್ಯಾಸ್ ಬೇಡವೇ ಬೇಡ, ಎಣ್ಣೆ ಬಿಟ್ಟು ರಾತ್ರಿ ನೆನೆಯಲು ಬಿಡಿ, ನಾಳೆ ನೋಡೋಣ ಎಂದು ಸ್ಪಷ್ಟವಾಗಿ ಹೇಳಿದೆ. "ಠೀಕ್ ಹೈ ಸಾಬ್" ಎಂದ. ನಾನು ಊಟಕ್ಕೆ ಹೊರಗೆ ಹೋದೆ. ಅಷ್ಟರಲ್ಲಿ ಅವನು ಗ್ಯಾರೇಜಿನ ಇನ್ನೊಬ್ಬ ಹುಡುಗನ ಕೈಗೆ ಗ್ಯಾಸ್ ಟಾರ್ಚ್ ಕೊಟ್ಟು ಕಾಯಿಸಿದ್ದಾನೆ.

ತಿರುಗಿ ಬಂದಾಗ ನೋಡಿದ್ದು: ಸಿಲಿಂಡರಿನ ಬಾಯಿಯ ಸೀಲ್ ಕಿತ್ತು, ಕರಕಲು ಎಣ್ಣೆ ನೆಲದ ತುಂಬ. ಡಿಕ್ಕಿಯ ಕೆಳಗಿನ ತಗಡಿನ ಮೇಲೂ ಅದೇ ಎಣ್ಣೆ, ಬಣ್ಣ ಗುಳ್ಳೆ ಎದ್ದು ಸುಲಿದಿತ್ತು. ಹುಡುಗ ಬಕೆಟ್ಟಿನಲ್ಲಿ ಕೈ ಮುಳುಗಿಸಿ ಕೂತಿದ್ದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು. ಅವನು ಬಂಪರಿನ ಬದಿಯಲ್ಲಿ ಕೂತಿದ್ದ, ಎದುರಿಗೆ ಇರಲಿಲ್ಲ. ಇದ್ದಿದ್ದರೆ ಆ ಬಿಸಿ ಎಣ್ಣೆ ಮುಖಕ್ಕೇ ಬರುತ್ತಿತ್ತು. ಹಿಂದಿನ ಚಕ್ರದ ಹತ್ತಿರವೇ ಪೆಟ್ರೋಲ್ ಪಂಪು, ಪೈಪು ಇರುವ ಗಾಡಿ ಅದು. ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ನಾನು ಮತ್ತು ಆ ಡೆಂಟಿಂಗ್ ಹುಡುಗ. ಮಿಸ್ತ್ರಿ ಬರಲಿಲ್ಲ. ಗಾಡಿಗಾದದ್ದಕ್ಕಿಂತ ಈ ಮಾತು ನನ್ನನ್ನು ಜಾಸ್ತಿ ಸುಡುತ್ತದೆ.

ಬಿಗಿದ ಬೋಲ್ಟಿಗೆ ಬೇರೆ ದಾರಿಗಳಿವೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಬೇಕು, ಮಾರನೇ ದಿನ ಮತ್ತೆ ಹೊಡೆಯಬೇಕು. ಉದ್ದನೆಯ ಹಿಡಿಯ ಪಾನಾ ಹಾಕಿ, ಒಮ್ಮೆ ಬಿಗಿಯುವ ಕಡೆಗೆ, ಒಮ್ಮೆ ಬಿಡಿಸುವ ಕಡೆಗೆ ಸ್ವಲ್ಪ ಸ್ವಲ್ಪವೇ ಜಗ್ಗಿಸಬೇಕು. ಅದಕ್ಕೂ ಬರದಿದ್ದರೆ ನಟ್ಟನ್ನು ಸೀಳುವ ಉಪಕರಣ ಸಿಗುತ್ತದೆ. ಕೊನೆಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಬೋಲ್ಟನ್ನು ಮಾತ್ರ ಕೈಯಿಂದ ಕೊಯ್ಯಬಹುದು. ತಡವಾಗುತ್ತದೆ, ಆಗಲಿ. ಸಿಲಿಂಡರಿಗೆ ಗ್ರೈಂಡರ್, ಡ್ರಿಲ್, ವೆಲ್ಡಿಂಗ್ ಯಾವುದೂ ಬೇಡ. ತೆಗೆದ ಮೇಲೂ ಅದನ್ನು ಭಂಗಾರ್‌ದವನಿಗೆ, ಅಂದರೆ ಗುಜರಿಯವನಿಗೆ, ಹಾಗೇ ಕೊಡಬೇಡಿ. ಅವನೂ ಕೊಯ್ಯುವುದು ಗ್ಯಾಸಿನಲ್ಲೇ.

ಇದಾದ ಮೇಲೂ ಕೆಲಸ ಅಲ್ಲೇ ಮುಗಿಯಬೇಕಿತ್ತು. ಗಾಡಿ ಬಿಚ್ಚಿ ಬಿದ್ದಿತ್ತು, ಮುಂಗಡ ಕೊಟ್ಟಾಗಿತ್ತು. ಎರಡನೇ ಪೆಟ್ಟು ಬಿದ್ದದ್ದು ಬ್ರಾಕೆಟ್ ವಿಷಯದಲ್ಲಿ. ಯುರೋಪ್ ಬಂಪರ್ ಒಂದೇ ತುಂಡಲ್ಲ. ನಡುವಿನದೊಂದು, ಮೂಲೆಯವು ಎರಡು. ಅವನ್ನು ಗಾಡಿಯ ಮೈಗೆ ಹಿಡಿಸುವ ಬ್ರಾಕೆಟ್ ಬೇರೆ, ಅಮೆರಿಕದ ಬಂಪರಿನ ಶಾಕ್ ಕೂರುವ ರೀತಿಯೇ ಬೇರೆ. ಗ್ಯಾರೇಜಿನವರೇ ತರಿಸಿದ ಬಂಪರಿನ ಜೊತೆ ಬ್ರಾಕೆಟ್ ಬಂದಿರಲಿಲ್ಲ. ನನಗೆ ತಿಳಿಸದೆ ಕಬ್ಬಿಣದ ಪಟ್ಟಿ ಬಗ್ಗಿಸಿ ತಾವೇ ಮಾಡಿದರು. ತೂತು ಹೊಂದಲಿಲ್ಲ ಅಂತ ಹಿಂದಿನ ಫೆಂಡರಿನಲ್ಲಿ, ಅಂದರೆ ಚಕ್ರದ ಮೇಲಿನ ತಗಡಿನಲ್ಲಿ, ಹೊಸ ತೂತು ಕೊರೆದರು. ಅದೂ ಹೊಂದಲಿಲ್ಲ, ಇನ್ನೊಂದು ಕೊರೆದು ಮೊದಲನೆಯದಕ್ಕೆ ಪುಟ್ಟಿ ತುಂಬಿದರು. ಎಡಗಡೆ ಬಂಪರಿಗೂ ಬಾಡಿಗೂ ನಡುವೆ ಎರಡು ಬೆರಳು ಹೋಗುತ್ತದೆ, ಬಲಗಡೆ ಒಂದು ಪೋಸ್ಟ್ ಕಾರ್ಡ್ ಕೂಡ ತೂರುವುದಿಲ್ಲ. ಕೊರೆದ ತೂತಿನ ಅಂಚಿಗೆ ಪ್ರೈಮರ್ ಬಳಿದಿರಲಿಲ್ಲ. ಮುಂಬೈಯಲ್ಲಿ ಬರಿ ತಗಡು ಬಿಟ್ಟರೆ ಏನಾಗುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ, ಅಲ್ವಾ?

ಬೋಲ್ಟ್ ಹಾಕಿ ಕೂರಿಸಿದ್ದನ್ನು ನಾಳೆ ಬಿಚ್ಚಿ ಮೊದಲಿನಂತೆ ಮಾಡಬಹುದು. ತಗಡು ಕೊರೆದದ್ದು, ಕೊಯ್ದದ್ದು ಹಾಗಲ್ಲ. 50 ವರ್ಷ ದಾಟಿದ ಗಾಡಿಗಳಿಗೆ ಇದು ಇನ್ನೂ ದೊಡ್ಡ ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಗೆ ಬೇರೆ ನಿಯಮ ತಂದಿದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಮಾರ್ಪಟ್ಟಿರಬಾರದು ಅನ್ನುವುದು ಅದರ ಷರತ್ತು. ಆ ಯೋಚನೆ ಇರುವವರು ಡ್ರಿಲ್ ಹಿಡಿದ ಯಾರನ್ನೂ ಗಾಡಿಯ ಹತ್ತಿರ ಬಿಡಬೇಡಿ. ಹಳೆಯ ಬಂಪರನ್ನೂ ಮನೆಗೆ ತಂದಿಟ್ಟುಕೊಳ್ಳಿ. ಅಲ್ಯೂಮಿನಿಯಂಗೆ ಒಳ್ಳೆ ರೇಟು ಬರುತ್ತದೆ ಅಂತ ಗ್ಯಾರೇಜಿನವರು ಕೇಳಿಯೇ ಕೇಳುತ್ತಾರೆ.

ಹೊಸ ಬಂಪರಿನ ಗುಣದ ಬಗ್ಗೆ ಎರಡು ಮಾತು. ಮಾರುಕಟ್ಟೆಯಲ್ಲಿ ಎರಡು ಬಗೆ ಇವೆ. ಒಂದು ಕಬ್ಬಿಣದ ಮೇಲೆ ಕ್ರೋಮ್, ಇನ್ನೊಂದು ಪಾಲಿಷ್ ಮಾಡಿದ ಸ್ಟೇನ್‌ಲೆಸ್ ಸ್ಟೀಲ್. ವಿಯೆಟ್ನಾಂನಿಂದ ಬರುವವು ಹೆಚ್ಚಾಗಿ ಎರಡನೆಯ ಬಗೆ. ನನಗೆ ಸ್ಟೇನ್‌ಲೆಸ್ ಎಂದು ಹೇಳಿ ಕೊಟ್ಟದ್ದು ಕ್ರೋಮ್ ಕಬ್ಬಿಣ. ಒಂದು ಮಳೆಗಾಲ ಮುಗಿಯುವುದರೊಳಗೆ ನಂಬರ್ ಪ್ಲೇಟಿನ ಕೆಳಗೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕಿಗಳು ಬಂದವು. ಉಗುರಿನಲ್ಲಿ ಕೆರೆದರೆ ಅಡಿಯಲ್ಲಿ ತುಕ್ಕು. ಒಳ್ಳೆಯ ಕ್ರೋಮ್ ಕೆಲಸದಲ್ಲಿ ಮೊದಲು ತಾಮ್ರ, ಮೇಲೆ ನಿಕಲ್, ಅದರ ಮೇಲೆ ಕ್ರೋಮ್ ಬರುತ್ತದೆ. ತುಕ್ಕು ತಡೆಯುವುದು ಮುಖ್ಯವಾಗಿ ನಿಕಲ್. ಅದು ತೆಳುವಾದರೆ ಮೇಲಿನ ಹೊಳಪು ಕೆಲಸಕ್ಕೆ ಬಾರದು. ಕೊಳ್ಳುವಾಗ ಒಂದು ಆಯಸ್ಕಾಂತ ಹಿಡಿದು ಹೋಗಿ. ಕಬ್ಬಿಣಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. 304 ಅನ್ನುವ ದರ್ಜೆಯ ಸ್ಟೇನ್‌ಲೆಸ್‌ಗೆ ಹಿಡಿಯುವುದಿಲ್ಲ, ಬಗ್ಗಿಸಿದ ಕಡೆ ಮಾತ್ರ ಸ್ವಲ್ಪ ಎಳೆದಂತೆ ಆಗಬಹುದು. ಬೆನ್ನ ಕಡೆಯನ್ನೂ ನೋಡಿ, ಮುಂದಿನ ಹೊಳಪು ಯಾರು ಬೇಕಾದರೂ ತರಬಲ್ಲರು.

ಯಾವ ಗ್ಯಾರೇಜೇ ಇರಲಿ, ಹಳೆಯ ಬಂಪರ್ ಬಿಚ್ಚುವ ಮೊದಲೇ ಹೊಸದರ ತುಂಡು, ಬ್ರಾಕೆಟ್, ಬೋಲ್ಟು ಎಲ್ಲವನ್ನೂ ನೆಲದ ಮೇಲೆ ಹರಡಿ ತೋರಿಸಲು ಹೇಳಿ. ಬ್ರಾಕೆಟ್ ಇಲ್ಲ ಅಂದರೆ ಗಾಡಿ ಅಲ್ಲಿ ಬಿಡಲೇಬೇಡಿ. ಕೂರಿಸಿ ನೋಡಿ, ಎರಡೂ ಕಡೆಯ ಸಂದು ಅಳೆದು, ಆಮೇಲೆ ಬಿಗಿಯಬೇಕು. ಇನ್ನೊಂದು ವಿಷಯ, ತೆಳ್ಳನೆಯ ಬಂಪರ್ ಏಟು ನುಂಗುವುದಿಲ್ಲ. ಸಿಗ್ನಲ್ಲಿನಲ್ಲಿ ರಿಕ್ಷಾದವನು ಹಿಂದಿನಿಂದ ತಾಗಿಸಿದರೆ ಏಟು ನೇರ ಗಾಡಿಯ ಮೈಗೇ ಹೋಗುತ್ತದೆ. ವಿಮೆ ಕಂಪನಿಗೆ ಬದಲಾವಣೆಯನ್ನು ಬರೆದು ತಿಳಿಸಿ. ಕೆಲಸಕ್ಕಾಗಿ ಹೊಸ ಬಗೆಯ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬಿಚ್ಚಿದರೆ ಅದರ ಲಾಕ್ ಮುರಿಯುತ್ತದೆ, ಮತ್ತೆ ಹಾಕಲು ಬರುವುದಿಲ್ಲ. ಅದನ್ನು ಸರಿಪಡಿಸಿಕೊಡುವ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ನನ್ನ ಗಾಡಿ ಈಗ ಪುಣೆಯ ಒಬ್ಬ ಬಾಡಿ ಕೆಲಸದವರ ಹತ್ತಿರ ಇದೆ. ಪುಟ್ಟಿ ಕಿತ್ತು, ತೂತು ಮುಚ್ಚಿ ವೆಲ್ಡ್ ಮಾಡುತ್ತಿದ್ದಾರೆ. ಜರ್ಮನಿಯಿಂದ ಸರಿಯಾದ ಬ್ರಾಕೆಟ್ ತರಿಸಿದ್ದೇನೆ. ಹುಡುಗನ ಕೈ ವಾಸಿಯಾಗಿದೆ, ಕಲೆ ಉಳಿದಿದೆ. ಅವನು ಆ ಗ್ಯಾರೇಜ್ ಬಿಟ್ಟಿದ್ದಾನೆ. ಹಣದ ವಿಷಯದಲ್ಲಿ ಗ್ರಾಹಕರ ಆಯೋಗಕ್ಕೆ ಹೋಗಲು ಕಾಗದ ಸಿದ್ಧ ಮಾಡುತ್ತಿದ್ದೇನೆ. ದೂರು ಕೊಡಲು ಸಾಮಾನ್ಯವಾಗಿ 2 ವರ್ಷದ ಅವಧಿ ಇರುತ್ತದೆ, ಸಹಾಯವಾಣಿ 1915. ನನ್ನ ಹತ್ತಿರ ಬಿಲ್ಲು, ವಾಟ್ಸ್‌ಆ್ಯಪ್ ಮಾತು, ಗಾಡಿ ಬಿಡುವ ಮುಂಚಿನ ಫೋಟೋ ಎಲ್ಲ ಇವೆ. ನಿಮ್ಮ ಗಾಡಿಯನ್ನೂ ಕೆಲಸಕ್ಕೆ ಬಿಡುವ ಮೊದಲು ನಾಲ್ಕೂ ಕಡೆಯಿಂದ, ಡಿಕ್ಕಿಯ ಕೆಳಗಿನಿಂದಲೂ ಫೋಟೋ ತೆಗೆದುಕೊಳ್ಳಿ. ಬಿಲ್ಲಿನಲ್ಲಿ "ಬಂಪರ್ ಕೆಲಸ" ಅಂತ ಒಂದು ಸಾಲು ಬರೆದು ಕೊಟ್ಟರೆ ತೆಗೆದುಕೊಳ್ಳಬೇಡಿ. ಯಾವ ಬಂಪರ್, ಯಾವ ಲೋಹ, ಬ್ರಾಕೆಟ್ ಎಷ್ಟು ಅಂತ ಬರೆಸಿಕೊಳ್ಳಿ.