ಜಾಝ್ ಕೇಳ್ಬೇಕಾ? ಬಾಸ್ ಹಿಡ್ಕೊಂಡು ಕೇಳಿ

ಹೋದ ವರ್ಷ ಅಡಿಕೆ ಕೊಯ್ಲಿನ ಟೈಮಲ್ಲಿ, ತೀರ್ಥಹಳ್ಳಿ ಹತ್ರ ನಮ್ಮನೆ ಜಗಲೀಲಿ ರಾತ್ರಿ ಅಡಿಕೆ ಸುಲಿಯೋ ಕೆಲಸ ನಡೀತಿತ್ತು. ನಾನು ಸ್ಪೀಕರಲ್ಲಿ ಅಮೆರಿಕದ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ನಾಕು ಜನರ ತಂಡ, ಅಂದ್ರೆ ಕ್ವಾರ್ಟೆಟ್ಟಿನ 'ಟೈಮ್ ಔಟ್' ಅನ್ನೋ ಜಾಝ್ ಆಲ್ಬಂ ಹಾಕಿದ್ದೆ, 1959ರದ್ದು. 'ಟೇಕ್ ಫೈವ್' ಶುರುವಾಗಿ ಒಂದು ನಿಮಿಷ ಆಗಿರ್ಬೇಕು, ಮೆಟ್ಟುಗತ್ತಿ ಮುಂದೆ ಕೂತಿದ್ದ ಅಮ್ಮ ಕೈ ನಿಲ್ಲಿಸದೇ ಬಾಯಲ್ಲೇ ತಕಿಟ ತಕ, ತಕಿಟ ತಕ ಅಂತ ಎಣಿಸಿ "ಇದು ಖಂಡ ಚಾಪು ಕಣೋ, ಆದ್ರೆ ಹಿಂದುಮುಂದು ಮಾಡಿದಾರೆ" ಅಂದ್ರು. ನಿಜ! ಖಂಡ ಚಾಪು ಅಂದ್ರೆ ಐದು ಎಣಿಕೆಯ ತಾಳ, ನಮ್ಮಲ್ಲಿ ಎರಡು-ಮೂರು, ಪಾಲ್ ಡೆಸ್ಮಂಡ್ ಬರೆದ ಇದ್ರಲ್ಲಿ ಮೂರು-ಎರಡು. ಜೋ ಮೊರೆಲ್ಲೋ ಡ್ರಮ್ಸ್ ಸೋಲೋ ನುಡಿಸ್ತಿರೋವಾಗ ಬ್ರೂಬೆಕ್ ಪಿಯಾನೋದಲ್ಲಿ ಅದೇ ಐದನ್ನ ಒಂದು ಚೂರೂ ಬಿಡದೇ ಹಿಡ್ಕೊಂಡಿರ್ತಾರೆ, ತನಿ ಆವರ್ತನದಲ್ಲಿ ಹಾಡೋರು ತಾಳ ಹಾಕ್ತಾ ಕೂತಿರ್ತಾರಲ್ಲ ಹಂಗೆ.

ಅದಕ್ಕೇ ಯಾರಾದ್ರೂ "ಜಾಝ್ ನಮಗೆಲ್ಲ ಅರ್ಥ ಆಗಲ್ಲ ಮಾರಾಯ್ರೆ" ಅಂದ್ರೆ ನಾನು ಒಪ್ಪಲ್ಲ. ನಾಕು ಕಚೇರಿ ಕೇಳಿದ ಕಿವಿ ಸಾಕು. ಆದ್ರೆ ಯಾವ ಆಲ್ಬಂ ಕೇಳ್ತೀರಿ ಅನ್ನೋದು ಮುಖ್ಯ, ಮತ್ತೆ ಏನನ್ನ ಹಿಡ್ಕೊಂಡು ಕೇಳ್ತೀರಿ ಅನ್ನೋದು ಇನ್ನೂ ಮುಖ್ಯ. ನನ್ನ ಪ್ರಕಾರ ಬಾಸ್ ಹಿಡೀಬೇಕು, ಅಂದ್ರೆ ತಳದಲ್ಲಿ ತಗ್ಗು ದನೀಲಿ ನಡೀತಿರೋ ದೊಡ್ಡ ತಂತಿ ವಾದ್ಯ. ಸ್ಯಾಕ್ಸೋಫೋನು ಟ್ರಂಪೆಟ್ಟು ತಾವಾಗೇ ಕೇಳಿಸ್ತಾವೆ, ಅವುಗಳ ಹಿಂದೆ ಹೋದ್ರೆ ಎರಡನೇ ನಿಮಿಷಕ್ಕೆ ದಾರಿ ತಪ್ಪತ್ತೆ. ಮೊಬೈಲ್ ಸ್ಪೀಕರಲ್ಲಿ ಬಾಸ್ ಬರೋದೇ ಇಲ್ಲ, ಹಾಗಾಗಿ ಒಂದು ಸಾಧಾರಣ ಹೆಡ್‌ಫೋನ್ ಆದ್ರೂ ಬೇಕೇ ಬೇಕು.

ಶುರು ಮಾಡೋದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಇಂದ. ಅದೂ 1959ರದ್ದೇ, ಎಲ್ಲರೂ ಹೇಳೋ ಹೆಸರೇ, ಆದ್ರೆ ನಾನು ಹೇಳೋ ಕಾರಣ ಬೇರೆ. ಮೊದಲನೇ ಪೀಸ್ 'ಸೋ ವಾಟ್'ನಲ್ಲಿ ಪಲ್ಲವಿ ಹೇಳೋದೇ ಬಾಸು, ಪಾಲ್ ಚೇಂಬರ್ಸ್. ಅವ್ರು ಒಂದು ಸಾಲು ಹೇಳ್ತಾರೆ, ಉಳಿದವ್ರು ಎರಡೇ ಏಟಿನಲ್ಲಿ ಹೂಂ-ಹೂಂ ಅಂತಾರೆ. ಅದ್ರ ಸ್ವರಗಳನ್ನ ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ, ನಮ್ಮ ಖರಹರಪ್ರಿಯ ರಾಗದ ಸ್ವರಗಳೇ! 16 ಬಾರ್ (ಒಂದು ಬಾರ್ ಅಂದ್ರೆ ಇಲ್ಲಿ ನಾಕು ಎಣಿಕೆ) ಒಂದು ಶ್ರುತಿ, ಆಮೇಲೆ 8 ಬಾರ್ ಮಟ್ಟಿಗೆ ಎಲ್ಲಾನೂ ಒಂದು ಮನೆ ಮೇಲೆ, ಮತ್ತೆ 8 ಬಾರ್ ವಾಪಸ್ ಕೆಳಗೆ. ಆ ಒಂದು ಮನೆ ಜರುಗೋ ಜಾಗ ಕಿವಿಗೆ ಸಿಕ್ಕಿದ ದಿನ ನನಗೆ ಮೈ ಜುಂ ಅಂದಿತ್ತು. ಹಳೇ ಎಲ್‌ಪಿ ತಗೊಳ್ಳೋರಿಗೆ ಒಂದು ಮಾತು, ರೆಕಾರ್ಡಿಂಗ್ ಮಾಡಿದ ಒಂದು ಟೇಪ್ ಮಷಿನ್ನಿನ ಸ್ಪೀಡ್ ಸರಿ ಇರದೇ ಮೊದಲ ಮೂರು ಪೀಸ್ ವರ್ಷಾನುಗಟ್ಟಲೆ ಚೂರು ಏರು ಶ್ರುತೀಲೇ ಬಂದಿವೆ, ಸರಿ ಮಾಡಿದ್ದು 1992ರ ಮರುಬಿಡುಗಡೇಲಿ. ವಾದ್ಯ ಜೊತೆಗಿಟ್ಕೊಂಡು ಕೇಳೋರು ಅದಾದ ಮೇಲಿನದ್ದನ್ನೇ ತಗೊಳ್ಳಿ.

ಇದಾದ್ಮೇಲೆ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಮೂರು ಜನರ ತಂಡ, ಅಂದ್ರೆ ಟ್ರಯೋದ 'ವಾಲ್ಟ್ಜ್ ಫಾರ್ ಡೆಬ್ಬಿ'. ನನಗೆ ಎಲ್ಲಕ್ಕಿಂತ ಹತ್ರದ್ದು ಇದು. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆ ಕ್ಲಬ್ಬಲ್ಲಿ ಲೈವ್ ರೆಕಾರ್ಡ್ ಮಾಡಿದ್ದು. ಗ್ಲಾಸು ತಾಗೋ ಸದ್ದು, ಜನ ಮಾತಾಡೋದು, ಯಾರೋ ನಗೋದು, ಎಲ್ಲ ಕೇಳಿಸತ್ತೆ, ನಮ್ಮ ಮದುವೆ ಮನೆ ಕಚೇರೀಲಿ ಆಗೋ ಹಾಗೇ. ಅದ್ರ ನಡುವೆ ಸ್ಕಾಟ್ ಲಫಾರೋ ಅನ್ನೋ 25 ವರ್ಷದ ಹುಡುಗ ಬಾಸ್ ನುಡಿಸೋದಲ್ಲ, ಪಿಯಾನೋ ಜೊತೆ ಕೂತು ಮಾತಾಡ್ತಾನೆ, ಪಿಯಾನೋ ಒಂದು ಮಾತು ಮುಗಿಸೋ ಮುಂಚೆ ಇವನು ಮುಂದಿಂದು ಎತ್ಕೊಂಡಿರ್ತಾನೆ. 11 ದಿನಕ್ಕೆ ಕಾರ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ಟ. ಬಿಲ್ ಇವಾನ್ಸ್ ಆಮೇಲೆ ತಿಂಗಳುಗಟ್ಟಲೆ ಎಲ್ಲೂ ನುಡಿಸ್ಲಿಲ್ಲ. ಜುಲೈ ಮಳೇಲಿ ಕರೆಂಟ್ ಹೋದ ಮೇಲೆ ಕತ್ತಲಲ್ಲಿ ಹೆಡ್‌ಫೋನ್ ಹಾಕ್ಕೊಂಡು 'ಮೈ ಫೂಲಿಶ್ ಹಾರ್ಟ್' ಕೇಳ್ತಿದ್ರೆ ಪಾಲ್ ಮೋಷಿಯನ್ ಡ್ರಮ್ಸ್ ಮೇಲೆ ಬ್ರಶ್ ಆಡಿಸೋದು ಯಾವುದು, ಹೊರಗೆ ಮಳೆ ಯಾವುದು ಅಂತ ಗೊತ್ತಾಗಲ್ಲ.

ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರದ್ದು 'ಜಯಂಟ್ ಸ್ಟೆಪ್ಸ್' ಮೊದಲು ಕೇಳ್ಬೇಡಿ ಅಂತೀನಿ, ದೊಡ್ಡ ಕೆಲಸ ಹೌದು, ಆದ್ರೆ ಆ ಸ್ಪೀಡಿಗೆ ಹೊಸಬ್ರ ಕಿವಿ ಸೋತು ಹೋಗತ್ತೆ. 'ಅ ಲವ್ ಸುಪ್ರೀಮ್' ಕೇಳಿ, 1965. ಮತ್ತೆ ಬಾಸೇ, ಜಿಮ್ಮಿ ಗ್ಯಾರಿಸನ್ ನುಡಿಸೋ ನಾಕು ಸ್ವರ, ಇಡೀ ಮೊದಲ ಭಾಗ ಅದ್ರ ಮೇಲೇ ನಿಂತಿದೆ. ಕೊನೇ ಭಾಗ 'ಸಾಮ್'ನಲ್ಲಿ ಕೋಲ್ಟ್ರೇನ್ ತಾವೇ ಬರೆದ ಪ್ರಾರ್ಥನೆಯ ಒಂದೊಂದು ಅಕ್ಷರಾನೂ ಸ್ಯಾಕ್ಸೋಫೋನಲ್ಲಿ ಓದ್ತಾರೆ, ಬಾಯಲ್ಲಿ ಒಂದು ಮಾತೂ ಇಲ್ಲ. ನಮ್ಮ ಹೊಸಹಳ್ಳಿ ಕಡೆ ಗಮಕ, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋದು, ಕೇಳಿದವ್ರಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಿಲ್ಲ. ತಾಳದ ಹಂಗಿಲ್ಲದೇ, ಪದದ ಭಾವಕ್ಕೆ ತಕ್ಕಂಗೆ ಎಳೆದು ನಿಲ್ಲಿಸಿ ಓದೋದು.

ರಿಲ್ಯಾಕ್ಸ್ ಆಗೋಕೆ, ಓದ್ಕೊಳ್ಳೋಕೆ ಅಂತ ಬರೋ ಜಾಝ್ ಪ್ಲೇಲಿಸ್ಟ್‌ಗಳನ್ನ ಮಾತ್ರ ಬಿಟ್ಬಿಡಿ. ಆಲ್ಬಂ ಅಂದ್ರೆ ಒಂದು ಕಚೇರಿ, ಮುಕ್ಕಾಲು ಗಂಟೆ ಕೂತು ಕೇಳೋದು.

ಕೊನೇದಾಗಿ ನಮ್ಮೂರ ಜನ ಕೇಳ್ಲೇಬೇಕಾದ್ದು 'ಜ್ಯೋತಿ', 1983ರದ್ದು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಮಾಡಿದ್ದು, ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಸ್ಯಾಕ್ಸೋಫೋನ್ ಅಂದ್ರೆ ಕದ್ರಿ ಗೋಪಾಲನಾಥ್ ಅಂತ ಬೆಳೆದ ನಮಗೆ ಇದು ಬೇರೇನೇ, ಇಲ್ಲಿ ಸ್ಯಾಕ್ಸು ಕರ್ನಾಟಕ ಸಂಗೀತವನ್ನೇ ನುಡಿಸೋಕೆ ಹೋಗಲ್ಲ, ಹಾಡೋ ದನಿ ಪಕ್ಕದಲ್ಲಿ ತನ್ನ ದನೀಲೇ ನಿಂತ್ಕೊಳ್ಳತ್ತೆ. ಇದ್ರಲ್ಲಿ ಬಾಸ್ ಇಲ್ಲ, ಹಿಡ್ಕೊಳ್ಳೋಕೆ ಮೃದಂಗ ಇದೆ. ಅಮ್ಮಂಗೆ ಇನ್ನೂ ಕೇಳಿಸಿಲ್ಲ, ಈ ಸಲ ಕೊಯ್ಲು ಶುರುವಾಗ್ಲಿ.