ಕೋಯಿ ಕೊಳದ ಪಂಪು: ಮುಳುಗಿಸುವುದೋ, ಹೊರಗಿಡುವುದೋ?

ಪುಣೆಯ ಕೋಥ್ರುಡ್‌ನಲ್ಲಿ ನಮ್ಮ ಹಿತ್ತಲಿನ ಕೊಳ 3,000 ಲೀಟರಿನದು. ಕೋಯಿ ಮೀನು ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ಎರಡು ಗಂಟೆಗೊಮ್ಮೆಯಾದರೂ ಅಷ್ಟೂ ನೀರು ಫಿಲ್ಟರ್ ಹಾದು ಬರಬೇಕು. ಪಂಪಿನ ಡಬ್ಬದ ಮೇಲಿನ ಲೀಟರ್ ಲೆಕ್ಕ ಬಿಡಿ, ನಿಮ್ಮ ಫಿಲ್ಟರ್ ಎತ್ತರಕ್ಕೆ ಎಷ್ಟು ನೀರು ಏರುತ್ತದೆ ಅಂತ ಕೇಳಿ.

ಮುಳುಗಿಸುವ ಪಂಪಿಗೆ ಸದ್ದಿಲ್ಲ, ಕೂರಿಸುವುದೂ ಸುಲಭ. ಜಾಲರಿಗೆ ಪಾಚಿ, ಎಲೆ ಸುತ್ತಿಕೊಂಡಾಗ ಮಾತ್ರ ಪ್ಲಗ್ ಕಿತ್ತು, ಮೊಣಕೈವರೆಗೆ ಕೈ ಹಾಕಿ ಎತ್ತಬೇಕು. ಹೊರಗಿನದು ಗುಂಯ್ಗುಡುತ್ತದೆ, ಮಳೆಗೆ ಮಾಡು ಬೇಕು, ರಿಪೇರಿ ಸಲೀಸು. ದೊಡ್ಡ ಕೊಳಕ್ಕೆ ಅದೇ ಸರಿ.

ನಮ್ಮಷ್ಟರದಕ್ಕೆ ಮುಳುಗಿಸುವುದೇ ಸಾಕು. ಹಗಲೂ ರಾತ್ರಿ ಓಡುವುದರಿಂದ ವ್ಯಾಟ್ ನೋಡಿ: 40 ವ್ಯಾಟಿನದಕ್ಕೆ ತಿಂಗಳಿಗೆ ಸುಮಾರು 29 ಯೂನಿಟ್, 100 ವ್ಯಾಟಿನದಕ್ಕೆ 72. ಯಾವುದೇ ಇರಲಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸದೆ ಸ್ವಿಚ್ ಒತ್ತಬೇಡಿ.