ಎರಡು ಹ್ಯಾಂಡಲ್, ಮೂರು ವರ್ಷ, 38,000 ಕಿಲೋಮೀಟರ್

ಎಲ್ಲ ಶುರುವಾದದ್ದು ಕಿರುಬೆರಳಿನಿಂದ. ದೂರದ ಓಟಕ್ಕೆಂದೇ ಕೊಂಡ ಟೂರಿಂಗ್ ಬೈಕ್. ಸೀಟಿನ ಬಗ್ಗೆ ದೂರಿಲ್ಲ, ಎಂಜಿನ್ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದೂವರೆ ಗಂಟೆ ಓಡಿಸುವಷ್ಟರಲ್ಲಿ ಎಡಗೈಯ ಕಿರುಬೆರಳು, ಉಂಗುರ ಬೆರಳು ಎರಡಕ್ಕೂ ಜೋಮು ಹಿಡಿಯುತ್ತಿತ್ತು. ಮೂರು ಗಂಟೆ ದಾಟಿದರೆ ಬೆನ್ನ ಮೇಲ್ಭಾಗದಲ್ಲಿ ಉರಿ. ಗಾಡಿ ನಿಲ್ಲಿಸುವುದು, ಕೈ ಕೊಡವುವುದು, ಮತ್ತೆ ಹೊರಡುವುದು ಅಭ್ಯಾಸವೇ ಆಗಿಹೋಗಿತ್ತು. "ಹ್ಯಾಂಡಲ್ ತಗ್ಗಾಯ್ತು, ಎತ್ತರದ್ದು ಹಾಕಿಸು" ಅಂತ ಕೇಳಿದವರೆಲ್ಲ ಹೇಳಿದರು, ನಾನೂ ನಂಬಿದೆ. ಹಾಗಾಗಿಯೇ ಈಗ ಎರಡು ಹ್ಯಾಂಡಲ್‌ಗಳ ವಿಮರ್ಶೆ ಬರೆಯುತ್ತ ಕೂತಿದ್ದೇನೆ. ಮೊದಲನೆಯದು ಹತ್ತು ತಿಂಗಳು ಇತ್ತು. ಎರಡನೆಯದು ಈಗಲೂ ಗಾಡಿಯಲ್ಲಿದೆ.

ಮೊದಲನೆಯದು ಕಂಪನಿ ಹ್ಯಾಂಡಲ್‌ಗಿಂತ 70 ಮಿ.ಮೀ. ಎತ್ತರ, 60 ಮಿ.ಮೀ. ಹೆಚ್ಚು ಅಗಲ. ಫೋಟೋದಲ್ಲಿ ಗಾಡಿಗೆ ಬಹಳ ಒಪ್ಪುತ್ತಿತ್ತು. ಅದನ್ನೇ ಆರಿಸಲು ನಿಜವಾದ ಕಾರಣ ಅದೇ, ಈಗ ಮುಚ್ಚಿಡುವುದೇನು. ಊರೊಳಗೆ ಒಂದು ವಾರ ರಾಜನ ಹಾಗೆ ನೆಟ್ಟಗೆ ಕೂತು ಓಡಾಡಿದೆ. ಹೆದ್ದಾರಿಗೆ ಇಳಿದ ಮೇಲೆ ಲೆಕ್ಕ ಬದಲಾಯಿತು. ಮೊದಲು ಸ್ವಲ್ಪ ಮುಂದೆ ಬಾಗಿ ಕೂರುತ್ತಿದ್ದಾಗ ಎದೆಗೆ ಬಡಿಯುವ ಗಾಳಿಯೇ ಮೈಭಾರವನ್ನು ಒಂದಿಷ್ಟು ಹೊರುತ್ತಿತ್ತು. ಈಗ ಅದೇ ಗಾಳಿ ನನ್ನನ್ನು ಹಿಂದಕ್ಕೆ ದಬ್ಬುತ್ತಿತ್ತು, ನಾನು ಹ್ಯಾಂಡಲ್ ಹಿಡಿದು ಜೋತುಬಿದ್ದಿದ್ದೆ. ಭಾರವೆಲ್ಲ ಬಾಲದ ಮೂಳೆಯ ಮೇಲೆ. ಗುಂಡಿ ಸಿಕ್ಕಾಗಲೆಲ್ಲ ಏಟು ಸೀದಾ ಬೆನ್ನುಮೂಳೆಗೆ. ಜೊತೆಗೆ ಮುಂದಿನ ಚಕ್ರದ ಮೇಲಿನ ಹೊರೆ ಕಡಿಮೆಯಾಗಿ, ತಿರುವಿನಲ್ಲಿ ಟೈರ್ ಏನು ಮಾಡುತ್ತಿದೆ ಎನ್ನುವುದೇ ಕೈಗೆ ಗೊತ್ತಾಗುತ್ತಿರಲಿಲ್ಲ. ಎರಡು ಬದಿಯ ಪೆಟ್ಟಿಗೆ, ಹಿಂದೊಂದು ಟಾಪ್ ಬಾಕ್ಸ್ ಕಟ್ಟಿಕೊಂಡು ವೇಗ ಹಿಡಿದರೆ ಗಾಡಿ ಮೆಲ್ಲಗೆ ತೂಗಾಡಲು ಶುರು. ಹ್ಯಾಂಡಲ್ ಅಗಲವಾದಷ್ಟೂ ತಿರುಗಿಸುವುದು ಸಲೀಸು ನಿಜ, ಆದರೆ ಗಾಳಿಗೆ ಅಲುಗುವ ನನ್ನ ಭುಜದ ಅಲುಗಾಟವೂ ಅಷ್ಟೇ ಸಲೀಸಾಗಿ ಚಕ್ರಕ್ಕೆ ತಲುಪುತ್ತದೆ.

ಇಷ್ಟಾದರೂ ಕಿರುಬೆರಳಿನ ಜೋಮು ಹೋಗಲಿಲ್ಲ. ಒಂದೂವರೆ ಗಂಟೆಗೆ ಬರುತ್ತಿದ್ದದ್ದು ಎರಡು ಗಂಟೆಗೆ ಬರುತ್ತಿತ್ತು, ಅಷ್ಟೇ.

ಅದಕ್ಕಿಂತ ಕೆಟ್ಟದ್ದು ಫಿಟಿಂಗ್. ಹಾಕಿಕೊಟ್ಟ ಮೆಕ್ಯಾನಿಕ್ ಹಳೆಯ ಕೇಬಲ್, ಹಳೆಯ ಬ್ರೇಕ್ ಹೋಸ್‌ಗಳನ್ನೇ (ಬ್ರೇಕ್ ಆಯಿಲ್ ಸಾಗುವ ಕೊಳವೆ) ಎಳೆದು ಜೋಡಿಸಿದ್ದರು. ನನಗದು ಗೊತ್ತಾದದ್ದು ಒಂದು ಇಳಿಜಾರಿನಲ್ಲಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆಳೆದು ಗಾಡಿ ತಿರುಗಿಸುವಾಗ. ಆಕ್ಸಿಲರೇಟರ್ ಮುಟ್ಟಿಲ್ಲ, ಎಂಜಿನ್ ತಾನಾಗಿಯೇ ಕೂಗಿತು. ಮನೆಗೆ ಬಂದು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿದೆ. ಬಲಕ್ಕೆ ಹೋದಾಗ ಐಡ್ಲಿಂಗ್ (ಆಕ್ಸಿಲರೇಟರ್ ಕೊಡದಾಗಿನ ಎಂಜಿನ್ ವೇಗ) 1,300 ಆರ್‌ಪಿಎಂ, ಎಡಕ್ಕೆ ಹೋದಾಗ 2,200. ಎಡಕ್ಕೆ ತಿರುಗಿದರೆ ಹ್ಯಾಂಡಲ್‌ನ ಬಲತುದಿ ಮುಂದೆ ಹೋಗುತ್ತದೆ, ಗಿಡ್ಡವಾದ ಕೇಬಲ್ ಬಿಗಿದು ಥ್ರಾಟಲ್ ತೆರೆಯುತ್ತದೆ. ಬ್ರೇಕ್ ಹೋಸ್ ಅಂತೂ ವೀಣೆಯ ತಂತಿ! ನನ್ನದು ಎಬಿಎಸ್ ಇರುವ ಗಾಡಿ, ಹೋಸ್ ಹ್ಯಾಂಡಲ್ ಜೊತೆಗೇ ತಿರುಗುವ ಫೋರ್ಕಿಗೆ ನೇರ ಹೋಗದೆ, ಟ್ಯಾಂಕ್ ಕೆಳಗೆ ಅಲುಗದೆ ಕೂತಿರುವ ಮಾಡ್ಯುಲೇಟರ್‌ಗೆ (ಬ್ರೇಕ್ ಒತ್ತಡ ನಿಯಂತ್ರಿಸುವ ಭಾಗ) ಹೋಗುತ್ತದೆ. ಹಾಗಾಗಿ ಹ್ಯಾಂಡಲ್ ತಿರುಗಿದಂತೆಲ್ಲ ಎಳೆತ. ಹೊಸ ಹ್ಯಾಂಡಲ್ ಹಾಕಿಸಿದವರು ಅಂಗಳ ಬಿಡುವ ಮೊದಲು ಈ ಪರೀಕ್ಷೆ ಮಾಡಿಯೇ ಬಿಡಿ. ಒಂದು ನಿಮಿಷದ ಕೆಲಸ.

ಆ ಹ್ಯಾಂಡಲ್ ಬಿಚ್ಚಿಸುವ ಮೊದಲು, ಈ ಸಲವಾದರೂ ಅಳತೆ ಮಾಡೋಣ ಅಂತ ಕೂತೆ. ಒಂದು ಪೆನ್ಸಿಲನ್ನು ಸಡಿಲವಾಗಿ ಮುಷ್ಟಿಯಲ್ಲಿ ಹಿಡಿದು, ಕೈ ಮುಂದೆ ಚಾಚಿ ನೋಡಿ. ಪೆನ್ಸಿಲ್ ಮುಂಗೈಗೆ ನೇರ ಅಡ್ಡಕ್ಕೆ ನಿಲ್ಲುವುದಿಲ್ಲ. ಹೆಬ್ಬೆರಳಿನ ಕಡೆಯ ತುದಿ ಮುಂದಕ್ಕೆ, ಕಿರುಬೆರಳಿನ ಕಡೆಯ ತುದಿ ನಿಮ್ಮತ್ತ ಓರೆಯಾಗಿರುತ್ತದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎರಡು ಕೈಯಲ್ಲೂ ಒಂದೊಂದು ಪೈಪ್ ತುಂಡು ಹಿಡಿದು, ಕಣ್ಣು ಮುಚ್ಚಿ ಓಡಿಸುವ ಭಂಗಿಯಲ್ಲಿ ಕೂತೆ. ತಮ್ಮ ಸ್ಟೂಲ್ ಹತ್ತಿ ಮೇಲಿನಿಂದ ಫೋಟೋ ತೆಗೆದ. ನಗುವುದನ್ನು ನಿಲ್ಲಿಸಿದ ಮೇಲೆ ತೆಗೆದ. ಫೋಟೋದಲ್ಲಿ ಎಲ್ಲ ಬಯಲಾಯಿತು: ಪೈಪ್ ತುಂಡುಗಳು ನನ್ನ ಕಡೆಗೆ ಚೆನ್ನಾಗಿ ಓರೆಯಾಗಿವೆ, ಕೆಳಗೆ ಕಾಣುವ ಹ್ಯಾಂಡಲ್ ಹೆಚ್ಚುಕಡಿಮೆ ಗೆರೆ ಎಳೆದಷ್ಟು ನೇರ. ಪ್ರತಿ ಸಲ ಅದನ್ನು ಹಿಡಿಯುವಾಗಲೂ ಮಣಿಕಟ್ಟನ್ನು ಪಕ್ಕಕ್ಕೆ ತಿರುಚಿಯೇ ಹಿಡಿಯುತ್ತಿದ್ದೆ, ಭಾರ ಅಂಗೈಯ ಹೊರ ಅಂಚಿನ ಮೇಲೆ ಬೀಳುತ್ತಿತ್ತು. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಹೋಗುವ ಅಲ್ನರ್ ನರ ಹಾದುಹೋಗುವುದು ಸರಿಯಾಗಿ ಅಲ್ಲೇ. ಎತ್ತರದ ವಿಷಯದಲ್ಲಿ ಕಂಪನಿಯವರು ಅಷ್ಟೇನೂ ತಪ್ಪಿರಲಿಲ್ಲ. ನನ್ನ ಕೈಗೆ ಒಗ್ಗದಿದ್ದದ್ದು ಹ್ಯಾಂಡಲ್‌ನ ಓರೆ.

ಹಾಗಾಗಿ ಎರಡನೆಯ ಹ್ಯಾಂಡಲ್ ಆರಿಸುವಾಗ ಫೋಟೋ ನೋಡಲೇ ಇಲ್ಲ, ಅಳತೆಯ ಚಿತ್ರ ಮಾತ್ರ ನೋಡಿದೆ. ಕಂಪನಿಯದ್ದಕ್ಕಿಂತ 25 ಮಿ.ಮೀ. ಎತ್ತರ, 35 ಮಿ.ಮೀ. ನನ್ನ ಕಡೆಗೆ, ಅಗಲ ಅದರಷ್ಟೇ, ಓರೆ ಮಾತ್ರ ಸಾಕಷ್ಟು ಹೆಚ್ಚು. ಅಲ್ಯೂಮಿನಿಯಂ, ನಡುವೆ 28.6 ಮಿ.ಮೀ. ದಪ್ಪ, ಗ್ರಿಪ್ ಕೂರುವಲ್ಲಿ 22 ಮಿ.ಮೀ.ಗೆ ಇಳಿಯುತ್ತದೆ. ಕಂಪನಿಯ ಕಬ್ಬಿಣದ ಹ್ಯಾಂಡಲ್ ಪೂರ್ತಿ 22 ಇದ್ದದ್ದರಿಂದ ಹ್ಯಾಂಡಲನ್ನು ಗಾಡಿಗೆ ಬಿಗಿಯುವ ಕ್ಲಾಂಪ್ ಕೂಡ ಬದಲಿಸಬೇಕಾಯಿತು. ಕೊಳ್ಳುವಾಗ ಇದನ್ನು ಮರೆತರೆ ಡಬ್ಬ ಬಿಚ್ಚಿದ ದಿನ ಸುಮ್ಮನೆ ನೋಡುತ್ತ ಕೂರಬೇಕಾಗುತ್ತದೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಎರಡನ್ನೂ ಉದ್ದದ್ದು ಹಾಕಿಸಿದೆ, ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್ ಕೂಡ. ಹೋಸ್ ಬಿಚ್ಚಿದ ಮೇಲೆ ತಾಮ್ರದ ವಾಷರ್ ಹೊಸದೇ ಇರಲಿ. ಬ್ರೇಕ್ ಆಯಿಲ್ ಒಂದು ಹನಿ ಪೆಟ್ರೋಲ್ ಟ್ಯಾಂಕ್ ಮೇಲೆ ಬಿದ್ದರೂ ಪೇಂಟ್ ತಿನ್ನುತ್ತದೆ, ಬಟ್ಟೆ ಹೊದಿಸಿಯೇ ಕೆಲಸ ಶುರು ಮಾಡಿಸಿ. ಈ ಸಲ ಕೆಲಸ ಬೇರೆ ಕಡೆ, ನಾನೂ ಪಕ್ಕದಲ್ಲೇ ನಿಂತಿದ್ದೆ.

ಹಿಂದಕ್ಕೆ ಬಾಗಿದ ಹ್ಯಾಂಡಲ್‌ಗೆ ಇರುವ ಕಾಟ ಟ್ಯಾಂಕ್. ಮೊದಲ ಸಲ ಕೂರಿಸಿ ಪೂರ್ತಿ ತಿರುಗಿಸಿದಾಗ ಸ್ವಿಚ್ ಬಾಕ್ಸ್‌ಗೂ ಟ್ಯಾಂಕಿಗೂ ನಡುವೆ ನನ್ನ ಹೆಬ್ಬೆರಳು ಸಿಕ್ಕಿಕೊಂಡಿತು. ಕ್ಲಾಂಪಿನಲ್ಲೇ ಒಂಚೂರು ಮುಂದಕ್ಕೆ ಉರುಳಿಸಿ 15 ಮಿ.ಮೀ. ಜಾಗ ಮಾಡಿಕೊಂಡೆವು. ಜಾಸ್ತಿ ಉರುಳಿಸಿದರೆ ಗ್ರಿಪ್‌ಗಳ ಓರೆಯೇ ಬದಲಾಗಿ, ಇಷ್ಟೆಲ್ಲ ಅಳೆದದ್ದು ವ್ಯರ್ಥ.

ಸ್ವಿಚ್ ಬಾಕ್ಸ್ ಒಳಗೆ ಅಕ್ಕಿಕಾಳಿನಷ್ಟು ಒಂದು ಪಿನ್ ಇರುತ್ತದೆ, ಅದು ಕೂರಲು ಹ್ಯಾಂಡಲ್‌ನಲ್ಲಿ ತೂತು ಬೇಕು. ಕೆಲವರು ಆ ಪಿನ್ನನ್ನೇ ಕತ್ತರಿಸಿ ಬಿಸಾಡುತ್ತಾರೆ, ಆಮೇಲೆ ಇಂಡಿಕೇಟರ್ ಒತ್ತಿದಾಗ ಬಾಕ್ಸೇ ತಿರುಗುತ್ತದೆ. ಹಿಂದಿನ ಸಲ ತೂತು ಅಂದಾಜಿಗೆ ಕೊರೆದು, ಹಾರ್ನ್ ಬಟನ್ ಹತ್ತು ತಿಂಗಳು ಕೈಗೆ ಸಿಗದೆ ಒದ್ದಾಡಿದ್ದೆ. ಈ ಸಲ ಹ್ಯಾಂಡಲ್‌ಗೆ ಕಾಗದದ ಟೇಪ್ ಸುತ್ತಿ, ಪಿನ್ನಿನ ತುದಿಗೆ ಚೂರು ಪೇಂಟ್ ಹಚ್ಚಿ, ನಾನು ಗಾಡಿ ಮೇಲೆ ಕೂತು ಬೆರಳು ಸರಾಗವಾಗಿ ಹೋಗುವ ಜಾಗದಲ್ಲಿ ಬಾಕ್ಸ್ ಒತ್ತಿದೆ. ಟೇಪಿನ ಮೇಲೆ ಕೆಂಪು ಚುಕ್ಕಿ ಮೂಡಿತು. ಡ್ರಿಲ್ ಅಲ್ಲಿಗೇ. ಬಲಗಡೆ ಗ್ರಿಪ್‌ಗೂ ಹ್ಯಾಂಡಲ್ ತುದಿಗೆ ಹಾಕುವ ತೂಕಕ್ಕೂ (ಬಾರ್ ಎಂಡ್) ಮಧ್ಯೆ ಒಂದೆರಡು ಮಿ.ಮೀ. ಬಿಡಲು ಮರೆಯಬೇಡಿ. ತಾಗಿದರೆ ಆಕ್ಸಿಲರೇಟರ್ ಬಿಟ್ಟಾಗ ಟಕ್ಕನೆ ಹಿಂದೆ ಬರುವುದಿಲ್ಲ.

ಫಲಿತಾಂಶಕ್ಕೆ ಬಂದರೆ, ಮೊದಲ ಉದ್ದನೆಯ ಓಟದಲ್ಲಿ ಕಿರುಬೆರಳು ಸುಮ್ಮನಿತ್ತು, ಆದರೆ ಅಂಗೈ ಪೂರ್ತಿ ಜುಮ್ಮೆನ್ನುತ್ತಿತ್ತು. ಇದು ಬೇರೆಯೇ ಕಥೆ, ನಡುಕದ್ದು. ಕಂಪನಿ ಹ್ಯಾಂಡಲ್‌ನ ಕೊಳವೆಯೊಳಗೆ ತೂಕದ ತುಂಡು ಇತ್ತು, ಇದು ಟೊಳ್ಳು. 4,500 ಆರ್‌ಪಿಎಂ ಸುತ್ತಮುತ್ತ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಪ್ಲೇಟೇ ಕರಗಿಹೋಗುತ್ತಿತ್ತು, ಅದೂ ನಾನು ದಿನವಿಡೀ ಓಡಿಸುವ ವೇಗದಲ್ಲೇ. ತುದಿಗಳಿಗೆ ಭಾರದ ಸ್ಟೀಲ್ ಬಾರ್ ಎಂಡ್ ಹಾಕಿದ ಮೇಲೆ ನಡುಕ 3,600ರ ಹತ್ತಿರಕ್ಕೆ ಇಳಿಯಿತು. ಹೋಗಲಿಲ್ಲ, ಇಳಿಯಿತು. ಆ ಆರ್‌ಪಿಎಂನಲ್ಲಿ ನಾನು ಜಾಸ್ತಿ ಹೊತ್ತು ಇರುವುದಿಲ್ಲವಾದ್ದರಿಂದ ನನಗೆ ಸಾಕು.

ಈಗ ಒಂದೇ ಓಟಕ್ಕೆ ಮೂರು, ಮೂರೂವರೆ ಗಂಟೆ ಆರಾಮ. ನಿಲ್ಲಿಸುವುದು ಪೆಟ್ರೋಲಿಗೆ, ಕೈ ಕೊಡವಲು ಅಲ್ಲ. ಬೆನ್ನಿನ ಉರಿ ಮುಕ್ಕಾಲು ಪಾಲು ಹೋಗಿದೆ. ಕುತ್ತಿಗೆ ನೋವು ಮಾತ್ರ ಹಾಗೇ ಇದೆ, ಅದು ವಿಂಡ್‌ಶೀಲ್ಡ್ ಮೇಲಿಂದ ಹೆಲ್ಮೆಟ್‌ಗೆ ಬಡಿಯುವ ಗಾಳಿಯದ್ದು. ಹ್ಯಾಂಡಲ್‌ಗೆ ಬೈದು ಪ್ರಯೋಜನವಿಲ್ಲ. ತಿರುವಿನಲ್ಲಿ ಮುಂದಿನ ಟೈರಿನ ಮಾತು ಮತ್ತೆ ಕೈಗೆ ಕೇಳಿಸುತ್ತಿದೆ. ಕಂಪನಿ ಹ್ಯಾಂಡಲ್‌ನಷ್ಟು ಸ್ಪಷ್ಟವಲ್ಲ, ಒಂದು ಕೂದಲು ಕಡಿಮೆ.

ಮೂರು ವರ್ಷದಲ್ಲಿ ಕಂಡ ಕುಂದುಗಳು ಇಷ್ಟು. ಅಲ್ಯೂಮಿನಿಯಂ ಮೇಲಿನ ಕಪ್ಪು ಆನೊಡೈಸಿಂಗ್ ಪದರ ಬಿಸಿಲಿಗೆ ನೇರಳೆಗೆ ತಿರುಗಿದೆ, ಗ್ರಿಪ್ ಪಕ್ಕದಲ್ಲಿ ಎದ್ದು ಕಾಣುತ್ತದೆ. ಉದ್ದದ ಕ್ಲಚ್ ಕೇಬಲ್ ಗಾಳಿ ತಡೆಯುವ ಹೊದಿಕೆಯ (ಫೇರಿಂಗ್) ಒಳ ಅಂಚಿಗೆ ಉಜ್ಜಿ ಹೊರಕವಚ ಸವೆದಿತ್ತು, ದಾರಿ ಬದಲಿಸಿ ಕಟ್ಟಿದೆ. ಕೆಸರಿನಲ್ಲಿ ನಿಂತ ಗಾಡಿ ಒಮ್ಮೆ ಮಗುಚಿದಾಗ ಬಾರ್ ಎಂಡ್ ತರಚಿತು, ಹ್ಯಾಂಡಲ್ ಬಾಗಿರಲಿಲ್ಲ. ಬಾಗಿದ್ದರೆ ಬದಲಿಸುತ್ತಿದ್ದೆ, ಬಾಗಿದ ಅಲ್ಯೂಮಿನಿಯಂ ನೆಟ್ಟಗೆ ಮಾಡಿ ಓಡಿಸುವ ಧೈರ್ಯ ನನಗಿಲ್ಲ.

ಇನ್ನೊಂದು ಮಾತು, ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು. ಖರ್ಚಿಗೆ ಕೈ ಹಾಕುವ ಮುಂಚೆ ಕ್ಲಚ್, ಬ್ರೇಕ್ ಲಿವರ್‌ಗಳನ್ನು ಸಡಿಲಿಸಿ, ಮುಂಗೈ ನೇರಕ್ಕೆ ಬೆರಳು ಹೋಗುವಂತೆ ತಿರುಗಿಸಿ ಒಂದು ವಾರ ಓಡಿಸಿ. ಸ್ನೇಹಿತನೊಬ್ಬನ ಇದೇ ಮಾದರಿಯ ಗಾಡಿಗೆ ಅಷ್ಟೇ ಮಾಡಿದೆವು. ಅವನು ಹ್ಯಾಂಡಲ್ ಬದಲಿಸುವ ಯೋಚನೆಯನ್ನೇ ಬಿಟ್ಟ.

ಕ್ಲಾಂಪ್ ಬೋಲ್ಟ್‌ಗಳನ್ನು, ಎಷ್ಟು ಬಿಗಿ ಎಂದು ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿಸಿ, ಕ್ಲಾಂಪಿನಿಂದ ಹ್ಯಾಂಡಲ್ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದೇನೆ. ಹ್ಯಾಂಡಲ್ ಜಾರಿದರೆ ಗೆರೆ ಎರಡಾಗಿ ಕಾಣಬೇಕು. ಹೋದ ತಿಂಗಳ ಸರ್ವಿಸ್‌ನಲ್ಲಿ ಧೂಳು ಒರೆಸಿ ನೋಡಿದೆ, ಗೆರೆ ಒಂದೇ ಇತ್ತು.